ಎಲೆ, ಬೇರು, ಹತ್ತಿಕಾಳಿನ ಹೊರಮೈ: ಜೀನ್ ನಿಯಂತ್ರಣದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬದನೆ ಎಲೆಯ ಅಡಿಭಾಗವನ್ನು ಒಮ್ಮೆ ಭೂತಗನ್ನಡಿಯಲ್ಲಿ ನೋಡಿ. ಬರಿಗಣ್ಣಿಗೆ ಬಿಳಿ ತುಪ್ಪಳದಂತೆ ಕಂಡದ್ದು ಅಲ್ಲಿ ನೂರಾರು ಪುಟ್ಟ ನಕ್ಷತ್ರಗಳಾಗುತ್ತದೆ. ಒಂದೊಂದು ರೋಮವೂ ತುದಿಯಲ್ಲಿ ಕವಲೊಡೆದು ಸುತ್ತಲೂ ಕಿರಣ ಚಾಚಿಕೊಂಡಿರುತ್ತದೆ. ನಕ್ಷತ್ರಗಳ ನಡುವೆ ಜಾಗವಿದೆ, ಆ ಜಾಗದಲ್ಲಿ ಉಸಿರಾಟದ ರಂಧ್ರಗಳಿವೆ. ಯಾವುದು ರೋಮವಾಗಬೇಕು, ಯಾವುದು ರಂಧ್ರವಾಗಬೇಕು, ಯಾವುದು ಸುಮ್ಮನೆ ಹಾಸಿಕೊಂಡಿರಬೇಕು ಎಂಬುದು ತೀರ್ಮಾನವಾಗುವುದು ಹೇಗೆ? ತರಗತಿಯಲ್ಲಿ, ಹೊಲದ ಬದುವಿನಲ್ಲಿ, ಪತ್ರಗಳಲ್ಲಿ ಹಲವು ವರ್ಷಗಳಿಂದ ನನಗೆ ಎದುರಾದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ.

ಗಿಡದ ಹೊರಮೈಯಲ್ಲಿ ಎಷ್ಟು ಬಗೆಯ ಕೋಶಗಳಿವೆ?

ಎಪಿಡರ್ಮಿಸ್ ಎಂದು ಪಠ್ಯಪುಸ್ತಕಗಳು ಕರೆಯುವ ಹೊರಪದರ ಸಾಮಾನ್ಯವಾಗಿ ಒಂದೇ ಕೋಶದಷ್ಟು ದಪ್ಪ. ಎಲೆಯಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯವು ಹಾಸುಗಲ್ಲಿನಂತೆ ಹರಡಿಕೊಂಡ ಸಾದಾ ಕೋಶಗಳು. ಎರಡನೆಯವು ಪತ್ರರಂಧ್ರದ ಎರಡೂ ಬದಿಗೆ ನಿಂತ ಕಾವಲು ಕೋಶಗಳು. ಮೂರನೆಯವು ರೋಮಗಳು. ಬೇರಿನಲ್ಲಿ ಎರಡೇ ಬಗೆ: ಬೇರುರೋಮ ಬಿಡುವ ಕೋಶ, ಬಿಡದ ಕೋಶ. ಟೊಮೆಟೊ, ತುಳಸಿಯಂಥ ಗಿಡಗಳಲ್ಲಿ ರೋಮದ ತುದಿಗೆ ಪುಟ್ಟ ಗ್ರಂಥಿ ಇರುತ್ತದೆ. ಟೊಮೆಟೊ ಗಿಡಕ್ಕೆ ಕೋಲು ಕಟ್ಟಿದ ಮೇಲೆ ಬೆರಳಿಗೆ ಅಂಟುವ ಹಸಿರು-ಹಳದಿ ಬಣ್ಣವೂ ಆ ಘಾಟೂ ಈ ಗ್ರಂಥಿಗಳು ಒಡೆದದ್ದರ ಗುರುತು.

ಎಲ್ಲ ಕೋಶಗಳಲ್ಲೂ ಇರುವುದು ಅದೇ ಡಿಎನ್‌ಎ ಅಲ್ಲವೇ? ಮತ್ತೆ ಈ ವ್ಯತ್ಯಾಸ ಎಲ್ಲಿಂದ ಬಂತು?

ಹೌದು, ಡಿಎನ್‌ಎ ಅದೇ. ರೋಮದ ಕೋಶದಲ್ಲಿ ಪತ್ರರಂಧ್ರ ಕಟ್ಟುವ ಜೀನ್‌ಗಳೂ ಇವೆ, ಬೇರುರೋಮದ ಜೀನ್‌ಗಳೂ ಇವೆ. ಅವು ಅಲ್ಲಿ ಮೌನವಾಗಿರುತ್ತವೆ, ಅಷ್ಟೆ. ಪ್ರತಿಯೊಂದು ಜೀನ್‌ನ ಪಕ್ಕದಲ್ಲಿ ಅದನ್ನು ಯಾವಾಗ, ಎಲ್ಲಿ, ಎಷ್ಟು ಓದಬೇಕು ಎಂಬುದಕ್ಕೆ ಸಂಬಂಧಿಸಿದ ಡಿಎನ್‌ಎ ತುಣುಕುಗಳಿರುತ್ತವೆ. ಕೆಲವು ಪ್ರೋಟೀನ್‌ಗಳು ಅಲ್ಲಿಗೇ ಹೋಗಿ ಕೂರುತ್ತವೆ. ಕೂತದ್ದು ಚಾಲಕವಾದರೆ ಜೀನ್ ಓದಿಸಿಕೊಳ್ಳುತ್ತದೆ, ಅಂದರೆ ಅದರ ಪ್ರೋಟೀನ್ ತಯಾರಾಗುತ್ತದೆ. ತಡೆಯಾದರೆ ಓದಿಸಿಕೊಳ್ಳುವುದಿಲ್ಲ. ಇಂಥ ಪ್ರೋಟೀನ್‌ಗಳನ್ನು ಇಲ್ಲಿ ನಿಯಂತ್ರಕಗಳು ಎಂದು ಕರೆಯುತ್ತೇನೆ. ನಿಯಂತ್ರಕವೂ ಒಂದು ಜೀನ್‌ನಿಂದಲೇ ತಯಾರಾಗುವುದರಿಂದ ಅದನ್ನು ನಿಯಂತ್ರಿಸುವ ಇನ್ನೊಂದು ನಿಯಂತ್ರಕ ಇರುತ್ತದೆ, ಹೀಗೆ ಜಾಲ ಬೆಳೆಯುತ್ತದೆ.

"ಕೂದಲಿನ ಜೀನ್ ಪತ್ತೆ" ಎಂಬಂಥ ಸುದ್ದಿ ಶೀರ್ಷಿಕೆಗಳು ನನಗೆ ಒಪ್ಪಿಗೆಯಾಗದಿರುವುದು ಇದಕ್ಕೇ. ಒಂದು ಜೀನ್ ಒಂದು ರೋಮವನ್ನು ಮಾಡುವುದಿಲ್ಲ. ಆ ಕೋಶ ಎಲ್ಲಿ ನಿಂತಿದೆ, ಅದರ ನೆರೆಯಲ್ಲಿ ಯಾರಿದ್ದಾರೆ ಎಂಬುದಕ್ಕೆ ತಕ್ಕಂತೆ ಜೀನ್‌ಗಳ ಜಾಲ ಓಗೊಡುತ್ತದೆ.

ಈ ಅಧ್ಯಯನಗಳೆಲ್ಲ ಅರಬಿಡಾಪ್ಸಿಸ್ ಎಂಬ ಗಿಡದಲ್ಲೇ ನಡೆದಿವೆ. ಅದರಿಂದ ನಮಗೇನು ಪ್ರಯೋಜನ?

ಅರಬಿಡಾಪ್ಸಿಸ್ ಸಾಸಿವೆಯ ಕುಟುಂಬಕ್ಕೆ ಸೇರಿದ ಪುಟ್ಟ ಕಳೆಗಿಡ. ತಿನ್ನಲು ಬಾರದು, ಮಾರಲು ಬಾರದು. ಆದರೆ ಬಿತ್ತಿದ ಆರೇಳು ವಾರಗಳಲ್ಲಿ ಮತ್ತೆ ಬೀಜ ಕೊಡುತ್ತದೆ, ಅಂಗೈಯಗಲದ ಕುಂಡದಲ್ಲಿ ಬೆಳೆಯುತ್ತದೆ, ವರ್ಣತಂತುಗಳು ಐದೇ ಜೊತೆ. 2000ದಲ್ಲಿ ಸಸ್ಯಗಳ ಪೈಕಿ ಮೊದಲು ಪೂರ್ತಿ ಜೀನೋಮ್, ಅಂದರೆ ಇಡೀ ಡಿಎನ್‌ಎ ಬರಹ, ಓದಿದ್ದು ಇದರದ್ದೇ. ಹೊರಮೈ ಅಧ್ಯಯನಕ್ಕೆ ಇನ್ನೂ ಒಂದು ಅನುಕೂಲವಿದೆ: ಇದರ ಎಲೆಯ ಮೇಲಿನ ಒಂದು ರೋಮವೆಂದರೆ ಒಂದೇ ಕೋಶ. ರೋಮ ಪೂರ್ತಿ ಇಲ್ಲದಿದ್ದರೂ ಗಿಡ ಪ್ರಯೋಗಾಲಯದಲ್ಲಿ ಆರಾಮವಾಗಿ ಬದುಕುತ್ತದೆ. ಆದ್ದರಿಂದ ಸಂಬಂಧಪಟ್ಟ ಜೀನ್‌ಗಳನ್ನು ಒಂದೊಂದಾಗಿ ಕೆಡಿಸಿ ಏನಾಗುತ್ತದೆಂದು ನೋಡಬಹುದು. ಇಲ್ಲಿ ಕಂಡ ನಿಯಮ ಹತ್ತಿಗೂ ಭತ್ತಕ್ಕೂ ಎಷ್ಟರಮಟ್ಟಿಗೆ ಹೊಂದುತ್ತದೆ ಎಂಬುದನ್ನು ಮುಂದೆ ಹೇಳುತ್ತೇನೆ.

"ನಾನು ಹೊರಮೈಯವನು" ಎಂದು ಒಂದು ಕೋಶಕ್ಕೆ ತಿಳಿಯುವುದು ಹೇಗೆ?

ಬೀಜದೊಳಗಿನ ಭ್ರೂಣ ಹದಿನಾರು ಕೋಶಗಳಾಗುವ ಹೊತ್ತಿಗೇ ಹೊರಗಿನ ಪದರ ಒಳಗಿನದರಿಂದ ಬೇರ್ಪಡುತ್ತದೆ. ಅಲ್ಲಿಂದ ಮುಂದೆ ಹೊರಪದರದ ಕೋಶಗಳು ಬಹುಮಟ್ಟಿಗೆ ಅಡ್ಡಲಾಗಿಯೇ ವಿಭಜನೆಯಾಗುತ್ತಾ ಹಾಳೆಯಂತೆ ಹರಡುತ್ತವೆ. ಈ ಗುರುತನ್ನು ಕಾಪಾಡುವ ಪ್ರಮುಖ ನಿಯಂತ್ರಕಗಳು ಎರಡು, ಎಟಿಎಂಎಲ್-1 ಮತ್ತು ಪಿಡಿಎಫ್-2. ಎರಡನ್ನೂ ಒಟ್ಟಿಗೆ ಕೆಡಿಸಿದರೆ ಹೊರಪದರವೇ ರೂಪುಗೊಳ್ಳುವುದಿಲ್ಲ, ಗಿಡ ಬಾಳುವುದೂ ಇಲ್ಲ. ಇದಕ್ಕೆ ತದ್ವಿರುದ್ಧವಾದ ಪ್ರಯೋಗವನ್ನು ಜಪಾನಿನ ವಿಜ್ಞಾನಿಗಳು ಮಾಡಿದರು. ಎಟಿಎಂಎಲ್-1ನ್ನು ಎಲೆಯ ಒಳಗಿನ ಕೋಶಗಳಲ್ಲೂ ಚಾಲೂ ಮಾಡಿದಾಗ ಅಲ್ಲಿ ಕಾವಲು ಕೋಶಗಳೂ ರೋಮದಂಥ ಕೋಶಗಳೂ ಹುಟ್ಟಿಕೊಂಡವು. ಗಾಳಿ ಬೆಳಕು ನೇರ ತಾಗದ ಜಾಗದಲ್ಲಿ ಬಾಗಿಲು ಕೂರಿಸಿದಂತಾಯಿತು.

ಎಲೆಯ ಮೇಲಿನ ರೋಮ ಹುಟ್ಟುವುದು ಹೇಗೆ?

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಉಳಿದ ಎಷ್ಟೋ ಉತ್ತರಗಳಿಗೆ ಇದೇ ತಳಪಾಯ.

ಎಳೆಯ ಎಲೆ ಇನ್ನೂ ಸಾಸಿವೆ ಕಾಳಿಗಿಂತ ಚಿಕ್ಕದಾಗಿರುವಾಗ ಅದರ ಹೊರಕೋಶಗಳೆಲ್ಲ ನೋಡಲು ಒಂದೇ ಥರ. ಎಲ್ಲದರಲ್ಲೂ ಮೂರು ಬಗೆಯ ಪ್ರೋಟೀನ್‌ಗಳು ಸ್ವಲ್ಪ ಸ್ವಲ್ಪ ತಯಾರಾಗುತ್ತಿರುತ್ತವೆ. ಒಂದು ಗ್ಲಾಬ್ರಾ-1, ಮಿಬ್ ಎಂಬ ದೊಡ್ಡ ಕುಟುಂಬದ್ದು. ಇನ್ನೊಂದು ಗ್ಲಾಬ್ರಾ-3. ಮೂರನೆಯದು ಟಿಟಿಜಿ-1. ಒಂಟಿಯಾಗಿ ಇವು ಹೆಚ್ಚೇನೂ ಮಾಡವು. ಮೂರೂ ಕೈಸೇರಿಸಿ ಒಂದು ಕೂಟವಾದಾಗ ಗ್ಲಾಬ್ರಾ-2 ಎಂಬ ಇನ್ನೊಂದು ನಿಯಂತ್ರಕದ ಜೀನ್ ಮೇಲೆ ಕೂತು ಅದನ್ನು ಎಬ್ಬಿಸುತ್ತವೆ. ಗ್ಲಾಬ್ರಾ-2 ಎದ್ದಿತೆಂದರೆ ರೋಮದ ಕೆಲಸ ಮುಂದುವರಿಯಿತು.

ಆಮೇಲೆ ನಡೆಯುವುದು ವಿಚಿತ್ರ. ಆ ಕೋಶ ಇನ್ನು ವಿಭಜನೆಯಾಗುವುದಿಲ್ಲ, ಆದರೆ ಡಿಎನ್‌ಎಯ ಪ್ರತಿ ತೆಗೆಯುವುದನ್ನು ಮಾತ್ರ ನಿಲ್ಲಿಸುವುದಿಲ್ಲ. ಒಡೆಯದೆ, ಒಳಗೊಳಗೇ ಎರಡು, ನಾಲ್ಕು, ಎಂಟು ಎಂದು ದುಪ್ಪಟ್ಟಾಗುತ್ತಾ ಕೊನೆಗೆ ಸಾಮಾನ್ಯ ಕೋಶದಲ್ಲಿ ಇರುವುದಕ್ಕಿಂತ ಸುಮಾರು 16 ಪಟ್ಟು ಡಿಎನ್‌ಎ ತುಂಬಿಕೊಳ್ಳುತ್ತದೆ. ಕೋಶ ಊದಿಕೊಳ್ಳುತ್ತದೆ, ಎಲೆಯಿಂದ ಮೇಲಕ್ಕೆ ಏಳುತ್ತದೆ, ಸಾಮಾನ್ಯವಾಗಿ ಮೂರು ಕವಲೊಡೆಯುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಲೆ ಉದುರಿದ ಪುಟ್ಟ ಮರದಂತಿರುತ್ತದೆ. ಸಯಾಮೀಸ್ ಎಂಬ ಜೀನ್ ಕೆಟ್ಟರೆ ಈ "ಒಡೆಯಬೇಡ" ಎಂಬ ಕಟ್ಟಳೆ ಸಡಿಲವಾಗಿ, ಒಂದೇ ಕೋಶವಾಗಬೇಕಿದ್ದ ರೋಮ ಹಲವು ಕೋಶಗಳ ಜೋಡಣೆಯಾಗುತ್ತದೆ.

ಎಲ್ಲ ಕೋಶಗಳಲ್ಲೂ ಆ ಮೂರು ಪ್ರೋಟೀನ್ ಇದ್ದರೆ ಎಲ್ಲವೂ ರೋಮವಾಗಬೇಕಿತ್ತಲ್ಲ?

ನನಗೆ ಬಂದ ಪ್ರಶ್ನೆಗಳಲ್ಲಿ ಅತ್ಯುತ್ತಮವಾದದ್ದು ಇದು. ಕೇಳಿದ್ದು ಹತ್ತನೇ ತರಗತಿಯ ಹುಡುಗಿ.

ಆ ಕೂಟ ಗ್ಲಾಬ್ರಾ-2ನ್ನು ಎಬ್ಬಿಸುವುದರ ಜೊತೆಗೇ ತನ್ನನ್ನು ತಡೆಯುವ ಪ್ರೋಟೀನ್‌ಗಳನ್ನೂ ತಯಾರಿಸುತ್ತದೆ. ಟ್ರಿಪ್ಟಿಕಾನ್, ಕ್ಯಾಪ್ರೀಸ್ ಮತ್ತು ಅವುಗಳ ದಾಯಾದಿಗಳು. ಇವು ಗಾತ್ರದಲ್ಲಿ ಚಿಕ್ಕವು. ಸಸ್ಯಕೋಶಗಳ ಗೋಡೆಗಳಲ್ಲಿ ಕೋಶದಿಂದ ಕೋಶಕ್ಕೆ ಸಣ್ಣ ಓಣಿಗಳಿರುತ್ತವೆ. ಈ ಪುಟ್ಟ ಪ್ರೋಟೀನ್‌ಗಳು ಆ ಓಣಿಗಳ ಮೂಲಕ ಪಕ್ಕದ ಕೋಶಕ್ಕೆ ದಾಟುತ್ತವೆ. ಅಲ್ಲಿ ಗ್ಲಾಬ್ರಾ-1 ಕೂರಬೇಕಾದ ಜಾಗದಲ್ಲಿ ತಾವು ಹೋಗಿ ಕೂರುತ್ತವೆ. ರಚನೆಯಲ್ಲಿ ಅವು ಗ್ಲಾಬ್ರಾ-1ಕ್ಕೆ ನೆಂಟರು, ಆದರೆ ಜೀನ್ ಎಬ್ಬಿಸುವ ತುಣುಕು ಮಾತ್ರ ಅವುಗಳಲ್ಲಿಲ್ಲ. ಸೀಟು ಭರ್ತಿಯಾಯಿತು, ಕೆಲಸ ನಡೆಯಲಿಲ್ಲ. ಪಕ್ಕದ ಕೋಶ ಸಾದಾ ಕೋಶವಾಗಿ ಉಳಿಯಿತು.

ಮೊದಲಿಗೆ ಎಲ್ಲ ಕೋಶಗಳೂ ಸರಿಸಮ. ಯಾವುದೋ ಒಂದರಲ್ಲಿ ಆಕಸ್ಮಿಕವಾಗಿ ಕೂಟ ಒಂದಿಷ್ಟು ಹೆಚ್ಚಾಯಿತು ಅನ್ನಿ. ಅದು ತನ್ನನ್ನು ತಾನೇ ಬಲಪಡಿಸಿಕೊಳ್ಳುತ್ತದೆ, ನೆರೆಯವರನ್ನು ತಡೆಯುತ್ತದೆ. ತಡೆ ಪಡೆದ ನೆರೆಯವರು ತಿರುಗಿ ಇದನ್ನು ತಡೆಯಲಾರರು. ಅತಿ ಸಣ್ಣ ವ್ಯತ್ಯಾಸ ಹೀಗೆ ಖಾಯಂ ಆಗುತ್ತದೆ. ಎಳೆ ಎಲೆಯಲ್ಲಿ ಎರಡು ರೋಮಗಳ ನಡುವೆ ಮೂರು ನಾಲ್ಕು ಕೋಶಗಳ ಅಂತರ ಉಳಿಯುವುದು ಇದರಿಂದ. ಟ್ರಿಪ್ಟಿಕಾನ್ ಮತ್ತು ಕ್ಯಾಪ್ರೀಸ್ ಎರಡೂ ಕೆಟ್ಟ ಗಿಡದಲ್ಲಿ ರೋಮಗಳು ಗೊಂಚಲು ಗೊಂಚಲಾಗಿ ಒಂದಕ್ಕೊಂದು ಅಂಟಿಕೊಂಡು ಏಳುತ್ತವೆ.

ಕಂಪ್ಯೂಟರ್ ವಿಜ್ಞಾನದ ಪಿತಾಮಹರೆಂದು ನಾವು ಓದುವ ಅಲನ್ ಟ್ಯೂರಿಂಗ್ 1952ರಲ್ಲಿ, ಯಾವ ಜೀನ್‌ನ ಹೆಸರೂ ಗೊತ್ತಿಲ್ಲದ ಕಾಲದಲ್ಲಿ, ಬೇರೆ ಬೇರೆ ವೇಗದಲ್ಲಿ ಹರಡುವ ಎರಡು ರಾಸಾಯನಿಕಗಳಿಂದ ಚುಕ್ಕೆ-ಪಟ್ಟೆಗಳ ವಿನ್ಯಾಸ ತಾನಾಗಿಯೇ ಮೂಡಬಲ್ಲದೆಂದು ಗಣಿತದಿಂದ ತೋರಿಸಿದ್ದರು. ಹತ್ತಿರದಲ್ಲೇ ಉಳಿಯುವ ಪ್ರಚೋದಕ, ದೂರ ಹೋಗುವ ತಡೆಕ ಎಂಬ ಸ್ಪಷ್ಟ ರೂಪವನ್ನು 1972ರಲ್ಲಿ ಜರ್ಮನಿಯ ಗೀರರ್ ಮತ್ತು ಮೈನ್‌ಹಾರ್ಟ್ ಕೊಟ್ಟರು. ಎಲೆಯ ರೋಮ ಆ ಲೆಕ್ಕಾಚಾರಕ್ಕೆ ಸಿಕ್ಕ ಅತ್ಯಂತ ಚಂದದ ಜೀವಂತ ಉದಾಹರಣೆಗಳಲ್ಲಿ ಒಂದು. ಆದರೆ ತಡೆ ಒಂದೇ ದಾರಿಯಲ್ಲ. ಟಿಟಿಜಿ-1 ತಾನೇ ಕೋಶದಿಂದ ಕೋಶಕ್ಕೆ ಓಡಾಡಬಲ್ಲದು. ರೋಮವಾಗುತ್ತಿರುವ ಕೋಶದಲ್ಲಿ ಗ್ಲಾಬ್ರಾ-3 ಅದನ್ನು ಹಿಡಿದಿಟ್ಟುಕೊಳ್ಳುತ್ತದೆ, ಸುತ್ತಲಿನವರಿಗೆ ಕೊರತೆಯಾಗುತ್ತದೆ. ಕೆರೆಯ ನೀರನ್ನೆಲ್ಲ ಒಂದೇ ಗದ್ದೆಗೆ ತಿರುಗಿಸಿಕೊಂಡಂತೆ.

"ಗ್ಲಾಬ್ರಾ" ಎಂದರೆ ಬೋಳು ಎಂದರ್ಥವಲ್ಲವೇ? ರೋಮ ಬರಿಸುವ ಜೀನ್‌ಗೆ ಆ ಹೆಸರೇಕೆ?

ಜೀನ್ ಕೆಟ್ಟಾಗ ಗಿಡ ಹೇಗೆ ಕಾಣುತ್ತದೋ ಅದೇ ಹೆಸರಾಗುವುದು ವಾಡಿಕೆ. ಗ್ಲಾಬ್ರಾ ಕೆಟ್ಟರೆ ಎಲೆ ಬೋಳು. ಬೇರಿನ ವೇರ್‌ವೂಲ್ಫ್ ಜೀನ್ ಕೆಟ್ಟರೆ ಮೈಯೆಲ್ಲ ರೋಮ, ತೋಳಮಾನವನಂತೆ. ಪತ್ರರಂಧ್ರಗಳನ್ನು ಬಾಯಿಗೆ ಹೋಲಿಸುವುದರಿಂದ, ರಂಧ್ರವೇ ಇಲ್ಲದ ಗಿಡದ ಜೀನ್‌ಗೆ ಮಾತಿಲ್ಲದವನು ಎಂಬ ಅರ್ಥದ ಸ್ಪೀಚ್‌ಲೆಸ್, ಲೆಕ್ಕಕ್ಕಿಂತ ಹೆಚ್ಚು ರಂಧ್ರ ಬಂದರೆ ಬಾಯಿ ಹೆಚ್ಚಾಯಿತು ಎಂಬ ಅರ್ಥದ ಟೂ ಮೆನಿ ಮೌತ್ಸ್. ಹೆಸರು ಕಂಡಾಗ ಅದರ ತಲೆಕೆಳಗು ಮಾಡಿದ್ದೇ ಕೆಲಸ ಎಂದುಕೊಂಡರೆ ಬಹುಪಾಲು ಸರಿಹೋಗುತ್ತದೆ.

ಬೇರಿನ ರೋಮಕ್ಕೂ ಇದೇ ಜೀನ್‌ಗಳೇ?

ಬಹುಮಟ್ಟಿಗೆ ಅದೇ ತಂಡ, ಫಲ ಮಾತ್ರ ಉಲ್ಟಾ. ಎಲೆಯಲ್ಲಿ ಗ್ಲಾಬ್ರಾ-2 ರೋಮ ಬರಿಸುತ್ತದೆ. ಬೇರಿನಲ್ಲಿ ಗ್ಲಾಬ್ರಾ-2 ರೋಮವನ್ನು ತಡೆಯುತ್ತದೆ. ಅದು ಕೆಟ್ಟ ಗಿಡದ ಎಲೆ ಬೋಳಾಗಿ ಬೇರಿನ ತುಂಬ ರೋಮ ಬರುವುದನ್ನು ಮೊದಲ ಬಾರಿ ನೋಡಿದಾಗ ನಾನು ಬೀಜದ ಚೀಟಿ ಅದಲುಬದಲಾಗಿದೆ ಎಂದೇ ಭಾವಿಸಿದ್ದೆ.

ಬೇರನ್ನು ಅಡ್ಡಕ್ಕೆ ಕೊಯ್ದು ನೋಡಿ. ಹೊರಪದರದ ಒಳಗೆ ತೊಗಟೆಯ ದೊಡ್ಡ ಕೋಶಗಳ ಒಂದು ಸುತ್ತು ಇರುತ್ತದೆ. ಅರಬಿಡಾಪ್ಸಿಸ್‌ನಲ್ಲಿ ಸಾಮಾನ್ಯವಾಗಿ ಎಂಟು. ಎರಡು ತೊಗಟೆ ಕೋಶಗಳು ಕೂಡುವ ಸಂದಿಯ ಮೇಲೆ ಕೂತ ಹೊರಕೋಶ ರೋಮ ಬಿಡುತ್ತದೆ. ಒಂದೇ ತೊಗಟೆ ಕೋಶದ ಬೆನ್ನಮೇಲೆ ಕೂತದ್ದು ಬಿಡುವುದಿಲ್ಲ. ಎಂಟು ಸಂದಿಗಳಿಗೆ ಎಂಟು ರೋಮಸಾಲುಗಳು ಬೇರಿನ ಉದ್ದಕ್ಕೂ ಸಾಗುತ್ತವೆ.

ಸಂದಿಯ ಮೇಲೆ ಕೂತಿದ್ದೇನೆಂದು ಆ ಕೋಶಕ್ಕೆ ಗೊತ್ತಾಗುವುದು ಸ್ಕ್ರ್ಯಾಂಬಲ್ಡ್ ಎಂಬ ಗ್ರಾಹಕ ಪ್ರೋಟೀನ್ ಮೂಲಕ. ಕೋಶದ ಹೊದಿಕೆಯಲ್ಲಿದ್ದುಕೊಂಡು ಒಳಗಿನಿಂದ ಬರುವ ಸುಳಿವಿಗೆ ಅದು ಸ್ಪಂದಿಸುತ್ತದೆ ಮತ್ತು ವೇರ್‌ವೂಲ್ಫನ್ನು ತಗ್ಗಿಸುತ್ತದೆ. ಸಂದಿಯಲ್ಲಿಲ್ಲದ ಕೋಶದಲ್ಲಿ ವೇರ್‌ವೂಲ್ಫ್ ಜೋರಾಗಿರುತ್ತದೆ. ಎಲೆಯಲ್ಲಿ ಗ್ಲಾಬ್ರಾ-1 ಮಾಡಿದ ಕೆಲಸವನ್ನು ಬೇರಿನಲ್ಲಿ ಇದು ಮಾಡುತ್ತದೆ: ಗ್ಲಾಬ್ರಾ-3, ಟಿಟಿಜಿ-1 ಜೊತೆ ಸೇರಿ ಗ್ಲಾಬ್ರಾ-2ನ್ನು ಎಬ್ಬಿಸುತ್ತದೆ. ಗ್ಲಾಬ್ರಾ-2 ಬೇರುರೋಮಕ್ಕೆ ಬೇಕಾದ ಆರ್‌ಎಚ್‌ಡಿ-6 ಮೊದಲಾದ ಜೀನ್‌ಗಳ ಬಾಯಿ ಮುಚ್ಚಿಸುತ್ತದೆ. ಅದೇ ಕೋಶದಲ್ಲಿ ತಯಾರಾದ ಕ್ಯಾಪ್ರೀಸ್ ಪಕ್ಕದ ಸಂದಿಕೋಶಕ್ಕೆ ದಾಟಿ ಅಲ್ಲಿನ ಕೂಟವನ್ನು ಮುರಿಯುತ್ತದೆ. ಗ್ಲಾಬ್ರಾ-2 ಇಲ್ಲವಾದ್ದರಿಂದ ಆರ್‌ಎಚ್‌ಡಿ-6 ಎದ್ದು ರೋಮ ಚಾಚುತ್ತದೆ. ಕ್ಯಾಪ್ರೀಸ್ ಪತ್ತೆಯಾದದ್ದು 1997ರಲ್ಲಿ, ಜಪಾನಿನಲ್ಲಿ. ಅದಕ್ಕೆ ಎದುರಾಗಿ, ಸಂದಿಕೋಶದಲ್ಲಿ ತಯಾರಾಗುವ ಗ್ಲಾಬ್ರಾ-3 ಆಚೆಯ ಕೋಶಕ್ಕೆ ಹೋಗುತ್ತದೆ. ಎರಡು ಮನೆಗಳ ನಡುವಿನ ಕೊಡುಕೊಳ್ಳುವಿಕೆ ಇದು. ಇವನ ರೋಮಕ್ಕೆ ಅವನ ತಡೆ ಬೇಕು, ಅವನ ಬೋಳುತನಕ್ಕೆ ಇವನ ಪ್ರೋಟೀನ್ ಬೇಕು.

ಹಾಗಾದರೆ ಮುಖ್ಯ ಯಾವುದು, ಕೋಶದ ವಂಶವೋ ಅದು ನಿಂತ ಜಾಗವೋ?

ಬೇರಿನಲ್ಲಿ ಉತ್ತರ ಸ್ಪಷ್ಟ: ವಂಶವಲ್ಲ, ಜಾಗ. ಅಪರೂಪಕ್ಕೊಮ್ಮೆ ಹೊರಕೋಶವೊಂದು ಉದ್ದಕ್ಕೆ ಸೀಳಿಕೊಂಡು, ಒಂದು ಮಗಳು ಸಂದಿಯ ಮೇಲೂ ಇನ್ನೊಂದು ಬೆನ್ನಮೇಲೂ ಬೀಳುತ್ತದೆ. ಹುಟ್ಟು ಒಂದೇ ಆದರೂ ಒಂದು ರೋಮ ಬಿಡುತ್ತದೆ, ಇನ್ನೊಂದು ಬಿಡುವುದಿಲ್ಲ. ಲೇಸರ್‌ನಿಂದ ಕೋಶಗಳನ್ನು ಸುಟ್ಟು ನೆರೆಯವರು ಆ ಜಾಗಕ್ಕೆ ಸರಿಯುವಂತೆ ಮಾಡಿದ ಪ್ರಯೋಗಗಳೂ ಇದನ್ನೇ ತೋರಿಸಿದವು. 2006ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಅಧ್ಯಯನದಲ್ಲಿ ಗ್ಲಾಬ್ರಾ-2 ಜೀನ್ ಇರುವ ಡಿಎನ್‌ಎ ಸುರುಳಿ ಒಂದು ಬಗೆಯ ಕೋಶದಲ್ಲಿ ಬಿಚ್ಚಿಕೊಂಡಿರುವುದೂ ಇನ್ನೊಂದರಲ್ಲಿ ಮುಚ್ಚಿಕೊಂಡಿರುವುದೂ ಕಂಡಿತು. ಜಾಗ ಬದಲಾದ ಕೋಶದಲ್ಲಿ ಆ ಸುರುಳಿಯ ಸ್ಥಿತಿಯೂ ಬದಲಾಯಿತು. ಪತ್ರರಂಧ್ರದ ವಿಷಯದಲ್ಲಿ ಮಾತ್ರ ವಂಶಕ್ಕೂ ಪಾಲಿದೆ.

ಪತ್ರರಂಧ್ರ ರೂಪುಗೊಳ್ಳುವ ಹಂತಗಳು ಯಾವುವು?

ಮೂರು ನಿಯಂತ್ರಕಗಳು ಸರದಿಯಲ್ಲಿ ಬರುತ್ತವೆ: ಸ್ಪೀಚ್‌ಲೆಸ್, ಮ್ಯೂಟ್, ಫಾಮಾ. ಈ ಸರಣಿ ಪೂರ್ತಿಯಾಗಿ ಬೆಳಕಿಗೆ ಬಂದದ್ದು 2007ರ ಹೊತ್ತಿಗೆ. ಕೀಕೊ ತೋರಿ, ಡೊಮಿನಿಕ್ ಬರ್ಗ್‌ಮನ್, ಫ್ರೆಡ್ ಸ್ಯಾಕ್ ಅವರ ತಂಡಗಳ ಕೆಲಸ ಇದರ ಹಿಂದಿದೆ.

ಸ್ಪೀಚ್‌ಲೆಸ್ ಎದ್ದ ಕೋಶ ಅಸಮವಾಗಿ ಒಡೆಯುತ್ತದೆ. ಒಂದು ಪುಟ್ಟ ಮಗಳು, ಒಂದು ದೊಡ್ಡ ಮಗಳು. ಪುಟ್ಟದು ಕೆಲವು ಬಾರಿ ಮತ್ತೆ ಹಾಗೆಯೇ ಒಡೆದು ಸುತ್ತ ಸಾದಾ ಕೋಶಗಳನ್ನು ಸೇರಿಸಿಕೊಳ್ಳುತ್ತದೆ. ಆಗ ಮ್ಯೂಟ್ ಬಂದು "ಸಾಕು" ಎಂದು ನಿಲ್ಲಿಸುತ್ತದೆ, ಆ ಪುಟ್ಟ ಕೋಶ ದುಂಡಗಾಗಿ ಕಾವಲು ಕೋಶಗಳ ತಾಯಿಯಾಗುತ್ತದೆ. ತಾಯಿಕೋಶ ಒಂದೇ ಒಂದು ಸಲ, ಸರಿಸಮವಾಗಿ ಎರಡಾಗುತ್ತದೆ. ಇಷ್ಟಕ್ಕೇ ನಿಲ್ಲಬೇಕು, ಇಬ್ಬರೂ ಕಾವಲು ಕೋಶವಾಗಬೇಕು ಎಂಬುದನ್ನು ನೋಡಿಕೊಳ್ಳುವುದು ಫಾಮಾ.

ಕೆಟ್ಟಾಗ ಏನಾಗುತ್ತದೆ ಎಂಬುದೇ ಈ ಸರದಿಗೆ ಸಾಕ್ಷಿ. ಸ್ಪೀಚ್‌ಲೆಸ್ ಇಲ್ಲದ ಎಲೆಯ ಹೊರಮೈಯಲ್ಲಿ ಸಾದಾ ಕೋಶ ಮತ್ತು ರೋಮ ಮಾತ್ರ. ಮ್ಯೂಟ್ ಇಲ್ಲದಿದ್ದರೆ ಪುಟ್ಟ ಕೋಶ ಒಡೆದೊಡೆದು ದಣಿದು, ಗುಲಾಬಿ ದಳಗಳ ನಡುವೆ ಸಿಕ್ಕಿಕೊಂಡಂತೆ ನಿಂತುಬಿಡುತ್ತದೆ. ಫಾಮಾ ಇಲ್ಲದಿದ್ದರೆ ತಾಯಿಕೋಶ ಎರಡಕ್ಕೆ ನಿಲ್ಲದೆ ಪಕ್ಕಪಕ್ಕಕ್ಕೆ ಒಡೆಯುತ್ತಾ ಕಂಬಳಿಹುಳುವಿನಂಥ ಸಾಲು ಕಟ್ಟುತ್ತದೆ.

ಎರಡು ಪತ್ರರಂಧ್ರಗಳು ಒಂದಕ್ಕೊಂದು ಅಂಟಿಕೊಂಡಿರುವುದಿಲ್ಲ ಏಕೆ?

ಕನಿಷ್ಠ ಒಂದು ಕೋಶದ ಅಂತರ ಎಂಬುದು ಇಲ್ಲಿನ ನಿಯಮ. ಕಾವಲು ಕೋಶ ತೆರೆದುಕೊಳ್ಳಲು ಪಕ್ಕದ ಕೋಶದೊಡನೆ ಲವಣ ಮತ್ತು ನೀರಿನ ವಿನಿಮಯ ನಡೆಸಬೇಕು. ಇಬ್ಬರು ಕಾವಲುಗಾರರು ಬೆನ್ನಿಗೆ ಬೆನ್ನು ಹಚ್ಚಿ ನಿಂತರೆ ಅದಕ್ಕೆ ಅಡಚಣೆ.

ಎಳೆಯ ರಂಧ್ರಕೋಶಗಳು ಇಪಿಎಫ್-1, ಇಪಿಎಫ್-2 ಎಂಬ ಚಿಕ್ಕ ಪ್ರೋಟೀನ್‌ಗಳನ್ನು ಹೊರಕ್ಕೆ ಸ್ರವಿಸುತ್ತವೆ. ನೆರೆಕೋಶದ ಹೊದಿಕೆಯಲ್ಲಿರುವ ಎರೆಕ್ಟಾ ಕುಟುಂಬದ ಗ್ರಾಹಕಗಳೂ ಟೂ ಮೆನಿ ಮೌತ್ಸ್ ಕೂಡ ಅದನ್ನು ಹಿಡಿಯುತ್ತವೆ. ಸುದ್ದಿ ಒಳಗೆ ಕೈಯಿಂದ ಕೈಗೆ ದಾಟಿ ಕೊನೆಗೆ ಸ್ಪೀಚ್‌ಲೆಸ್ ಮೇಲೆ ಒಂದು ರಾಸಾಯನಿಕ ಗುರುತು ಬೀಳುತ್ತದೆ. ಗುರುತು ಬಿದ್ದ ಸ್ಪೀಚ್‌ಲೆಸ್ ನಾಶವಾಗುತ್ತದೆ. ರೋಮದ ಕಥೆಯಲ್ಲಿ ತಡೆ ಪ್ರೋಟೀನ್ ಓಣಿಯೊಳಗಿಂದ ಹೋಯಿತು, ಇಲ್ಲಿ ಹೊರಬಾಗಿಲು ತಟ್ಟಿತು. ದಾರಿ ಬೇರೆ, ಸಂದೇಶ ಒಂದೇ.

ಇನ್ನೊಂದು ಪ್ರೋಟೀನ್, ಸ್ಟೊಮಾಜೆನ್, ಎಲೆಯ ಒಳಪದರದಿಂದ ಬರುತ್ತದೆ ಮತ್ತು ಅದೇ ಗ್ರಾಹಕಗಳಿಗೆ ಪೈಪೋಟಿ ನಡೆಸಿ ರಂಧ್ರಗಳನ್ನು ಹೆಚ್ಚಿಸುತ್ತದೆ. ದ್ಯುತಿಸಂಶ್ಲೇಷಣೆ ನಡೆಸುವವರು ಒಳಗಿನವರು. ಬಾಗಿಲು ಎಷ್ಟಿರಬೇಕೆಂಬುದರಲ್ಲಿ ಅವರ ಮಾತೂ ನಡೆಯುತ್ತದೆ.

ಬಿಸಿಲು, ಗಾಳಿ ಇದನ್ನು ಬದಲಿಸುತ್ತವೆಯೇ?

ಬದಲಿಸುತ್ತವೆ, ಆದರೆ ಎಲೆ ಎಳೆಯದಾಗಿರುವಾಗ ಮಾತ್ರ. ಬೆಳಕು ಹೆಚ್ಚಿದ್ದರೆ ಸಾಮಾನ್ಯವಾಗಿ ರಂಧ್ರಗಳು ಹೆಚ್ಚು. ಅರಬಿಡಾಪ್ಸಿಸ್‌ಗೆ ಸೆಕೆ ಎನಿಸುವ 28 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಐಎಫ್-4 ಎಂಬ ನಿಯಂತ್ರಕ ಹೆಚ್ಚಾಗಿ ಸ್ಪೀಚ್‌ಲೆಸ್‌ನ್ನು ತಗ್ಗಿಸುತ್ತದೆ. ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ಅನೇಕ ಸಸ್ಯಗಳಲ್ಲಿ ರಂಧ್ರಗಳು ಕಡಿಮೆಯಾಗುತ್ತವೆ. 1987ರಲ್ಲಿ ಬ್ರಿಟನ್ನಿನ ಇಯಾನ್ ವುಡ್‌ವರ್ಡ್ ಹಿಂದಿನ 200 ವರ್ಷಗಳಲ್ಲಿ ಒಣಗಿಸಿಟ್ಟಿದ್ದ ಮರದೆಲೆಗಳನ್ನು ಎಣಿಸಿ, ಕಾರ್ಖಾನೆಗಳ ಯುಗ ಬೆಳೆದಂತೆ ಎಲೆಗಳ ರಂಧ್ರಸಾಂದ್ರತೆ ಇಳಿದದ್ದನ್ನು ತೋರಿಸಿದರು. ಹಾಳೆಗೆ ಅಂಟಿಸಿದ ಒಣ ಎಲೆಯೊಂದು ತಾನು ಬದುಕಿದ್ದ ಕಾಲದ ಗಾಳಿಯ ಲೆಕ್ಕವನ್ನು ಹೀಗೆ ಹೊತ್ತಿರುವುದು ನನಗೆ ಇಂದಿಗೂ ಬೆರಗು.

ಹುಳು ಕಡಿದರೆ ಗಿಡ ರೋಮ ಹೆಚ್ಚಿಸಿಕೊಳ್ಳುತ್ತದೆ ಎನ್ನುತ್ತಾರೆ. ನಿಜವೇ?

ನಿಜ. ಗಾಯವಾದಾಗ ಗಿಡದಲ್ಲಿ ಜಾಸ್ಮೊನಿಕ್ ಆಮ್ಲ ಹೆಚ್ಚಾಗುತ್ತದೆ. ಜಾಝ್ ಎಂಬ ಪ್ರೋಟೀನ್‌ಗಳು ಮಾಮೂಲು ದಿನಗಳಲ್ಲಿ ಗ್ಲಾಬ್ರಾ ಕೂಟವನ್ನು ಹಿಡಿದು ನಿಲ್ಲಿಸಿರುತ್ತವೆ. ಜಾಸ್ಮೊನಿಕ್ ಆಮ್ಲ ಬಂದಾಗ ಜಾಝ್ ನಾಶವಾಗಿ ಕೂಟ ಬಿಡುಗಡೆಯಾಗುತ್ತದೆ. ಆದರೆ ಕಡಿಸಿಕೊಂಡ ಬಲಿತ ಎಲೆಗೆ ಇದರಿಂದ ಹೊಸ ರೋಮ ಬರುವುದಿಲ್ಲ, ಮುಂದೆ ಹುಟ್ಟುವ ಎಲೆಗಳಿಗೆ ಬರುತ್ತದೆ.

ಜೋಳ, ರಾಗಿ, ಭತ್ತದಲ್ಲೂ ಹೀಗೆಯೇ?

ಪತ್ರರಂಧ್ರದ ಪಾತ್ರಧಾರಿಗಳು ಅವರೇ, ರಂಗಸಜ್ಜಿಕೆ ಬೇರೆ. ಹುಲ್ಲಿನ ಜಾತಿಯಲ್ಲಿ ರಂಧ್ರಗಳು ಚೆದುರಿರುವುದಿಲ್ಲ, ಎಲೆಯ ಉದ್ದಕ್ಕೂ ಗೆರೆ ಹೊಡೆದಂತೆ ಸಾಲಾಗಿರುತ್ತವೆ. ಕಾವಲು ಕೋಶಗಳು ಅವರೆಕಾಳಿನ ಆಕಾರದಲ್ಲಿರದೆ ಡಂಬೆಲ್ ಆಕಾರದಲ್ಲಿದ್ದು ಎರಡೂ ಬದಿಗೆ ಒಂದೊಂದು ಸಹಾಯಕ ಕೋಶವಿರುತ್ತದೆ. ಬ್ರಾಕಿಪೋಡಿಯಂ ಎಂಬ ಕಾಡುಹುಲ್ಲಿನಲ್ಲಿ ಮ್ಯೂಟ್ ಪ್ರೋಟೀನ್ ತಾಯಿಕೋಶದಿಂದ ಪಕ್ಕದ ಸಾಲಿಗೆ ದಾಟಿ ಅಲ್ಲಿ ಸಹಾಯಕ ಕೋಶ ಹುಟ್ಟಿಸುವುದನ್ನು 2017ರಲ್ಲಿ ತೋರಿಸಲಾಯಿತು. ಅರಬಿಡಾಪ್ಸಿಸ್‌ನಲ್ಲಿ ಮನೆಬಿಟ್ಟು ಕದಲದ ಮ್ಯೂಟ್ ಇಲ್ಲಿ ನೆರೆಯವರನ್ನೂ ಕೆಲಸಕ್ಕೆ ಕರೆಯುತ್ತದೆ.

ಬೆಳೆಯ ನೀರಿನ ಲೆಕ್ಕಕ್ಕೂ ಇದಕ್ಕೂ ನೇರ ಸಂಬಂಧವಿದೆ. ಐಆರ್-64 ಭತ್ತದಲ್ಲಿ ಅದರದ್ದೇ ಇಪಿಎಫ್-1ನ್ನು ಹೆಚ್ಚಿಸಿದಾಗ ರಂಧ್ರಗಳು ಕಡಿಮೆಯಾಗಿ ನೀರಿನ ಬಳಕೆ ತಗ್ಗಿತು, ಬರ ತಾಳುವ ಶಕ್ತಿ ಹೆಚ್ಚಿತು. ಇದು 2019ರ ವರದಿ. ಇದರಿಂದ ನೀರಾವರಿಯ ಸಮಸ್ಯೆ ತೀರಿತೆಂದು ಹಿಗ್ಗುವವರಿಗೆ ಒಂದು ಮಾತು ಹೇಳಲೇಬೇಕು: ರಂಧ್ರದಿಂದ ನೀರು ಆವಿಯಾಗುವುದರಿಂದಲೇ ಎಲೆ ತಂಪಾಗಿರುತ್ತದೆ. ಎಷ್ಟು ಮುಚ್ಚಬಹುದೆಂಬುದಕ್ಕೆ ಮಿತಿಯಿದೆ.

ಹತ್ತಿಗೂ ಇದಕ್ಕೂ ಏನು ಸಂಬಂಧ?

ನಾವು ಉಟ್ಟ ಹತ್ತಿಬಟ್ಟೆಯ ಒಂದೊಂದು ಎಳೆಯೂ ಬೀಜದ ಹೊರಮೈಯ ಕೋಶಗಳಿಂದಲೇ ಬಂದದ್ದು. ಹತ್ತಿಯ ಒಂದು ನಾರು ಎಂದರೆ ಒಂದೇ ಕೋಶ. ಹೂ ಅರಳುವ ದಿನವೇ, ಮುಂದೆ ಬೀಜವಾಗುವ ಅಂಡಕದ ಹೊರಕೋಶಗಳಲ್ಲಿ ಸುಮಾರು ಕಾಲು ಭಾಗದಷ್ಟು ಉಬ್ಬಲು ತೊಡಗುತ್ತವೆ. ಉಳಿದವು ಸುಮ್ಮನಿರುತ್ತವೆ. ಉಬ್ಬಿದವು ಮೂರು ವಾರಗಳಲ್ಲಿ ಎರಡೂವರೆ, ಮೂರು ಸೆಂಟಿಮೀಟರಿನಷ್ಟು ಉದ್ದವಾಗಿ, ಆಮೇಲೆ ಒಳಗೋಡೆಗೆ ಸೆಲ್ಯುಲೋಸ್ ಪದರ ಬಳಿದುಕೊಂಡು ಕಾಯಿ ಒಡೆಯುವ ಹೊತ್ತಿಗೆ ಸತ್ತು ಒಣಗುತ್ತವೆ. ಕೆಲವು ದಿನ ತಡವಾಗಿ ಎದ್ದ ಕೋಶಗಳು ಗಿಡ್ಡಗೇ ಉಳಿಯುತ್ತವೆ. ಜಿನ್ ಮಾಡಿ ಅರಳೆ ತೆಗೆದ ಮೇಲೂ ಹತ್ತಿಕಾಳಿಗೆ ಅಂಟಿಕೊಂಡಿರುವ ತುಪ್ಪಳ ಅದು.

ಹತ್ತಿಯಲ್ಲೂ ಮಿಬ್ ಕುಟುಂಬದ ನಿಯಂತ್ರಕಗಳೇ ಮುಂದಾಳುಗಳು. 2004ರಲ್ಲಿ ಚೀನಾದ ವಿಜ್ಞಾನಿಗಳು ಹತ್ತಿಯ ಒಂದು ಮಿಬ್ ಜೀನನ್ನು ಗ್ಲಾಬ್ರಾ-1 ಕೆಟ್ಟ ಬೋಳು ಅರಬಿಡಾಪ್ಸಿಸ್‌ಗೆ ಸೇರಿಸಿದಾಗ ಎಲೆಗೆ ರೋಮ ಮರಳಿ ಬಂತು. ಆಸ್ಟ್ರೇಲಿಯಾದಲ್ಲಿ ಹತ್ತಿಯ ಇನ್ನೊಂದು ಮಿಬ್ ಜೀನನ್ನು ಮೌನಗೊಳಿಸಿದಾಗ ಕಾಯೊಳಗೆ ನಾರಿಲ್ಲದ ಬೋಳು ಬೀಜಗಳು ಬಂದವು.

ಧಾರವಾಡದ ಕೃಷಿ ಸಂಶೋಧನೆಗೆ ಇಲ್ಲಿ ಗೌರವದ ಸ್ಥಾನವಿದೆ. 1972ರಲ್ಲಿ ಡಾ. ಬಿ. ಎಚ್. ಕಟರಕಿ ಅವರು ಅಲ್ಲಿ ಎರಡು ಬೇರೆ ಪ್ರಭೇದದ ಹತ್ತಿಗಳನ್ನು ಕೂಡಿಸಿ ವರಲಕ್ಷ್ಮಿ ಎಂಬ ಸಂಕರಣ ತಳಿ ಕೊಟ್ಟರು. ಉದ್ದ ನಾರಿನ ಈ ತಳಿಯೂ ಆಮೇಲೆ ಅಲ್ಲಿಂದಲೇ ಬಂದ ಡಿಸಿಎಚ್-32 ಕೂಡ ರೈತರ ಮನೆಮಾತಾದವು. ಆಗ ಮಿಬ್ ಜೀನ್‌ಗಳ ಹೆಸರು ಯಾರಿಗೂ ಗೊತ್ತಿರಲಿಲ್ಲ. ನಾರನ್ನು ಬೆರಳಲ್ಲಿ ಎಳೆದು, ಉದ್ದ ಅಳೆದು, ಸಾವಿರಾರು ಗಿಡಗಳಲ್ಲಿ ಒಳ್ಳೆಯದನ್ನು ಆರಿಸಿದ ಆ ತಳಿವಿಜ್ಞಾನಿಗಳ ಕೈಯಲ್ಲಿದ್ದದ್ದು ಹೊರಕೋಶಗಳ ಜೀನ್ ನಿಯಂತ್ರಣದ ಫಲವೇ.

ಬೂದುಗುಂಬಳದ ಬೂದಿ?

ಅದು ಮೇಣ. ಹೊರಕೋಶಗಳೇ ತಯಾರಿಸಿ ಹೊರಗೆ ದೂಡಿದ್ದು. ಎಳೆಗಾಯಿಯಲ್ಲಿ ಚುಚ್ಚುವ ರೋಮ, ಬಲಿತಾಗ ಮೇಣ. ಅದೇ ಹೊರಮೈ ವಯಸ್ಸಿಗೆ ತಕ್ಕಂತೆ ಬೇರೆ ಕೆಲಸ ಹಿಡಿಯುತ್ತದೆ. ಅರಬಿಡಾಪ್ಸಿಸ್‌ನಲ್ಲಿ ವಿನ್-1 ಎಂಬ ನಿಯಂತ್ರಕವನ್ನು ಹೆಚ್ಚಿಸಿದರೆ ಎಲೆ ಮೇಣದಿಂದ ಹೊಳೆಯುತ್ತದೆ.

ಇದರಲ್ಲಿ ಆಕಸ್ಮಿಕದ ಪಾತ್ರ ಎಷ್ಟು?

ನಾವೆಣಿಸಿದ್ದಕ್ಕಿಂತ ಹೆಚ್ಚು. ಅರಬಿಡಾಪ್ಸಿಸ್ ಹೂವಿನ ಪುಷ್ಪಪತ್ರಗಳ ಮೇಲೆ ಅಲ್ಲಲ್ಲಿ ದೈತ್ಯ ಕೋಶಗಳಿರುತ್ತವೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ತಂಡ ಜೀವಂತ ಕೋಶಗಳನ್ನು ಮತ್ತೆ ಮತ್ತೆ ಚಿತ್ರಿಸಿ 2017ರಲ್ಲಿ ಕಂಡುಕೊಂಡದ್ದು: ಎಟಿಎಂಎಲ್-1ರ ಮಟ್ಟ ಪ್ರತಿ ಕೋಶದಲ್ಲೂ ಏರಿಳಿಯುತ್ತಿರುತ್ತದೆ. ವಿಭಜನೆಗೆ ಸ್ವಲ್ಪ ಮುಂಚೆ ಅದು ಒಂದು ಮಿತಿ ದಾಟಿದ್ದರೆ ಕೋಶ ಒಡೆಯದೆ ಡಿಎನ್‌ಎ ಹೆಚ್ಚಿಸಿಕೊಂಡು ದೈತ್ಯವಾಗುತ್ತದೆ. ಅದೇ ಏರಿಕೆ ಹೊತ್ತು ತಪ್ಪಿ ಬಂದರೆ ಏನೂ ಆಗುವುದಿಲ್ಲ.

ಒಮ್ಮೆ ಕಾವಲು ಕೋಶವಾದದ್ದು ಮತ್ತೆ ಬೇರೆಯಾಗಬಹುದೇ?

ಸಾಮಾನ್ಯವಾಗಿ ಇಲ್ಲ, ಏಕೆಂದರೆ ಹಳೆಯ ಜೀನ್‌ಗಳಿಗೆ ಬೀಗ ಹಾಕಲಾಗಿರುತ್ತದೆ. ಸ್ಪೀಚ್‌ಲೆಸ್‌ನಂಥ ಆರಂಭದ ಜೀನ್‌ಗಳು ಸುತ್ತಿಕೊಂಡಿರುವ ಪ್ರೋಟೀನ್‌ಗಳ ಮೇಲೆ ಮೌನದ ಗುರುತುಗಳು ಬೀಳುತ್ತವೆ. ಈ ಬೀಗ ಹಾಕಿಸುವುದರಲ್ಲಿ ಫಾಮಾದ ಪಾತ್ರವಿದೆ. ಫಾಮಾವನ್ನು ತಿದ್ದಿ ಆ ಸಾಮರ್ಥ್ಯ ಕೆಡಿಸಿದಾಗ ಬಲಿತ ಕಾವಲು ಕೋಶದೊಳಗೇ ಮತ್ತೊಂದು ಪತ್ರರಂಧ್ರ ಹುಟ್ಟಿತು, ಬಾಗಿಲ ಚೌಕಟ್ಟಿನಲ್ಲಿ ಇನ್ನೊಂದು ಬಾಗಿಲು ಮೂಡಿದಂತೆ.

ಇದನ್ನೆಲ್ಲ ಮನೆಯಲ್ಲೋ ಶಾಲೆಯಲ್ಲೋ ನೋಡಬಹುದೇ?

ಜೀನ್ ಕಾಣಿಸದು, ಅದರ ತೀರ್ಪು ಕಾಣಿಸುತ್ತದೆ. ಅಲಸಂದೆ ಎಲೆಯ ಅಡಿಭಾಗಕ್ಕೆ ಬಣ್ಣವಿಲ್ಲದ ಉಗುರುಬಣ್ಣ ತೆಳುವಾಗಿ ಹಚ್ಚಿ. ಒಣಗಿದ ಮೇಲೆ ಪಾರದರ್ಶಕ ಟೇಪಿನಿಂದ ಅದನ್ನು ಕಿತ್ತು ಗಾಜಿನ ಪಟ್ಟಿಗೆ ಅಂಟಿಸಿ, ಶಾಲೆಯ ಸಾಧಾರಣ ಸೂಕ್ಷ್ಮದರ್ಶಕದಲ್ಲಿ ನೋಡಿ. ಅಂಟಿಕೊಂಡ ಎರಡು ರಂಧ್ರಗಳನ್ನು ಹುಡುಕುವ ಪಂದ್ಯ ಕಟ್ಟಿ. ಮಕ್ಕಳು ನೂರಾರು ರಂಧ್ರಗಳನ್ನು ನೋಡಿಯೂ ಅಂಥ ಜೋಡಿ ಅಪರೂಪಕ್ಕೆ ಸಿಕ್ಕೀತು.

ಬೇರಿಗೆ ಸಾಸಿವೆಯೇ ಸಾಕು. ತಟ್ಟೆಯಲ್ಲಿ ಒದ್ದೆ ಬಟ್ಟೆ ಹಾಸಿ, ಹತ್ತು ಕಾಳು ಉದುರಿಸಿ, ಮೇಲೆ ಇನ್ನೊಂದು ತಟ್ಟೆ ಮುಚ್ಚಿಡಿ. ಎರಡು ಮೂರು ದಿನಕ್ಕೆ ಮೊಳಕೆಯ ಬೇರಿನ ಸುತ್ತ ಬಿಳಿ ನಯವಾದ ಹೊದಿಕೆ ಕಾಣುತ್ತದೆ. ಬೂಸ್ಟು ಹಿಡಿಯಿತೆಂದು ಬಹಳ ಮಂದಿ ಎಸೆದುಬಿಡುತ್ತಾರೆ. ಎಸೆಯಬೇಡಿ. ಬೇರಿನ ತುದಿ ಮಾತ್ರ ಬೋಳಾಗಿರುತ್ತದೆ, ಅಲ್ಲಿನ ಕೋಶಗಳು ಇನ್ನೂ ಎಳೆಯವು. ಅದರ ಹಿಂದೆ ಗಿಡ್ಡ ರೋಮ, ಇನ್ನೂ ಹಿಂದೆ ಉದ್ದ ರೋಮ. ಭೂತಗನ್ನಡಿ ಹಿಡಿದು, ಕಿಟಕಿಯ ಬೆಳಕಿಗೆ ಆ ಬೇರನ್ನು ಮೆಲ್ಲಗೆ ತಿರುಗಿಸಿ ನೋಡಿ.